ಎಣಿಕೆಯಣ್ಣನ ಮೊದಲನೇ ವರ್ಷ

ಸುಟ್ಟಗಾಯದ ವಾರ್ಡು ನಮ್ಮ ಆಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆಮನೆಗೂ ಶವಾಗಾರಕ್ಕೂ ನಡುವೆ ಇದೆ. ಹಾಗೆ ಕಟ್ಟಿಸಿದ ಎಂಜಿನಿಯರನಿಗೆ ದೂರದೃಷ್ಟಿ ಇತ್ತು ಎಂದು ಕೆಲವರು, ಕುಚೇಷ್ಟೆ ಇತ್ತು ಎಂದು ಕೆಲವರು ಹೇಳುತ್ತಾರೆ. ಅಡುಗೆಮನೆಯ ಚಹಾ ಕುಡಿದು ನೋಡಿದವರು ಮಾತ್ರ, ನಡುವೆ ವಾರ್ಡು ಯಾಕೆ ಬೇಕಿತ್ತು, ಅಲ್ಲಿಂದ ಶವಾಗಾರಕ್ಕೆ ನೇರ ಬಾಗಿಲು ಇಟ್ಟಿದ್ದರೆ ಸಾಕಿತ್ತು ಎನ್ನುತ್ತಾರೆ.

ಅದೇ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ನಾನು ಮೂವತ್ತೊಂದು ವರ್ಷ ಕೂತೆ. ಕಿಟಕಿಯ ಮುಂದಿನ ಸಾಲು ಎಷ್ಟು ಉದ್ದವೆಂದರೆ, ಕೆಮ್ಮಿಗೆ ಔಷಧ ಕೇಳಲು ಬಂದವರು ಕಿಟಕಿ ಮುಟ್ಟುವ ಹೊತ್ತಿಗೆ ಕೆಮ್ಮು ತಾನಾಗಿ ವಾಸಿಯಾಗಿ ಮಂಡಿನೋವು ಶುರುವಾಗಿರುತ್ತಿತ್ತು. ದಿನಾ ಬೆಳಗ್ಗೆ ಸುಟ್ಟಗಾಯದ ವಾರ್ಡಿಗೆ ಬಿಳಿ ಮುಲಾಮಿನ ಡಬ್ಬಿಗಳನ್ನು ಮುಟ್ಟಿಸುವುದೂ ನನ್ನ ಕೆಲಸವೇ ಆಗಿತ್ತು. ಹಾಗಾಗಿ ಎಣಿಕೆಯಣ್ಣನನ್ನು ಬಲ್ಲೆ.

ಅವನು ಆ ವಾರ್ಡಿನ ಡ್ರೆಸ್ಸರ್. ಅಂದರೆ ಗಾಯದ ಪಟ್ಟಿ ಬಿಚ್ಚಿ, ತೊಳೆದು, ಹೊಸದು ಕಟ್ಟುವವನು. ಆಳು ಬಾಗಿಲಿನಷ್ಟು, ಕೈ ಮಾತ್ರ ಸೂಲಗಿತ್ತಿಯದು. ಸುಟ್ಟ ಮೈಗೆ ಅಂಟಿಕೊಂಡ ಪಟ್ಟಿಯನ್ನು ಬಿಡಿಸುವುದು ಹೇಗಿರುತ್ತದೆ ಎಂದು ಬರೆಯುವುದಕ್ಕೆ ನನಗೆ ಮನಸ್ಸಿಲ್ಲ, ಓದುವುದು ನಿಮಗೂ ಬೇಡ. ಉಪ್ಪುನೀರಿನಲ್ಲಿ ನೆನೆಸಿದರೂ ಅದು ಸುಮ್ಮನೆ ಬರುವುದಿಲ್ಲ. ಬೇರೆ ಡ್ರೆಸ್ಸರುಗಳು "ಏನೂ ಆಗಲ್ಲ, ಆಯ್ತು, ಮುಗೀತು" ಎನ್ನುತ್ತಲೇ ಅರ್ಧ ಗಂಟೆ ಎಳೆಯುತ್ತಿದ್ದರು. ಇವನು ಒಂದು ದಿನವೂ ಹಾಗೆ ಹೇಳಿದವನಲ್ಲ. "ಉರಿಯುತ್ತೆ. ಇಪ್ಪತ್ತು ಎಣಿಸೋವರೆಗೆ ಉರಿಯುತ್ತೆ. ಇಪ್ಪತ್ತಕ್ಕೆ ಕೈ ತೆಗೀತೀನಿ" ಎನ್ನುವನು. ಗಟ್ಟಿಯಾಗಿ ಎಣಿಸುವನು. ಇಪ್ಪತ್ತು ಎನ್ನುತ್ತಿದ್ದಂತೆ, ಪಟ್ಟಿ ಅರ್ಧ ಬಂದಿರಲಿ ಕಾಲು ಬಂದಿರಲಿ, ಚಿಮಟ ತಟ್ಟೆಗೆ ಬೀಳುತ್ತಿತ್ತು. ರೋಗಿ ಉಸಿರು ತೆಗೆದುಕೊಂಡು "ಹೂಂ" ಅಂದ ಮೇಲೆಯೇ ಮುಂದಿನ ಇಪ್ಪತ್ತು. ಇಪ್ಪತ್ತೊಂದು ಎಂಬ ಅಂಕಿಯೇ ಆ ವಾರ್ಡಿನಲ್ಲಿ ಇರಲಿಲ್ಲ. ಇಪ್ಪತ್ತೊಂದನೇ ಮಂಚವನ್ನು ಕೂಡ "ಇಪ್ಪತ್ತರ ಪಕ್ಕದ್ದು" ಎಂದೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಇದ್ದಿರಬೇಕು, ನಾವು ಯಾರೂ ಬಳಸಿದ್ದಿಲ್ಲ.

ಅವನಿಗೆ ಒಬ್ಬಳು ಅಕ್ಕ. ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ, ಅವಳಿಗೆ ಹದಿನೈದು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಲಾಂಡ್ರಿಯ ಕೆಲಸಕ್ಕೆ ಸೇರಿದವಳು ಅಲ್ಲೇ ನಲವತ್ತೆಂಟು ವರ್ಷ ತೆಗೆದಳು. ಮದುವೆಯ ಮಾತು ಬಂದರೆ, "ನನಗೆ ನೆನಪಾಗೋ ಹೊತ್ತಿಗೆ ಗಂಡಸರೆಲ್ಲ ಖರ್ಚಾಗಿದ್ರು" ಎನ್ನುತ್ತಿದ್ದಳು. ಅವಳ ನಾಲಿಗೆಗೆ ಹೆದರಿ ಮೋಡದ ದಿನವೂ ಲಾಂಡ್ರಿಯ ಬಟ್ಟೆಗಳು ತಾವಾಗಿ ಒಣಗುತ್ತಿದ್ದವು. ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚು ಅವಳದು. ಬೋಧನೆ ಉದ್ದವಾಯಿತೆಂದು ಅವಳು ಒಂದು ಸಲ ಕೆಮ್ಮಿದರೆ ಸಭಾಪಾಲಕರು, ನಾವೆಲ್ಲ ಅಯ್ಯನವರು ಎಂದು ಕರೆಯುವವರು, ಎರಡು ಪುಟ ಒಟ್ಟಿಗೆ ಮಗುಚುತ್ತಿದ್ದರು. ಆದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಹೊತ್ತಿಗೆ ಅವಳ ಮುಖ ನೋಡಬೇಕಿತ್ತು. ಪ್ರಭುಭೋಜನಕ್ಕೆ ಅವಳು ಕೈಚಾಚಿದರೆ ಹಸಿದ ಮಗು ಚಾಚಿದ ಹಾಗೆ.

ಲಾಂಡ್ರಿಯಲ್ಲಿ ಬಟ್ಟೆಗೆ ಹಾಕುವ ಗಂಜಿ ಕಾಯಿಸಲು ಒಂದು ದೊಡ್ಡ ಹಂಡೆ ಇತ್ತು. ಅದರ ಒಲೆಯ ಮೂರು ಕಾಲುಗಳಲ್ಲಿ ಒಂದು ಮುರಿದು, ಕೆಳಗೆ ಇಟ್ಟಿಗೆ ಕೊಟ್ಟಿದ್ದರು. ಕಾಲು ಹಾಕಿಸಿ ಎಂದು ಅಕ್ಕ ಮೂರು ವರ್ಷ ಹೇಳಿದಳು, ಮಾಲೀಕ ಮೂರು ವರ್ಷ ನಾಳೆ ಎಂದ. ಒಂದು ಮಂಗಳವಾರ ಬೆಳಗ್ಗೆ ಇಟ್ಟಿಗೆ ಒಡೆಯಿತು. ಬಿಸಿನೀರಾಗಿದ್ದರೆ ಹರಿದು ಹೋಗುತ್ತಿತ್ತು. ಗಂಜಿ ಹರಿಯುವುದಿಲ್ಲ, ಹಿಡಿದುಕೊಳ್ಳುತ್ತದೆ.

ಸುಟ್ಟ ಮೈಯನ್ನು ಅಂಗೈ ಅಗಲದ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಅಂಗೈ ಎಂದರೆ ನೂರರಲ್ಲಿ ಒಂದು ಪಾಲು. ಅಕ್ಕನದು ನಲವತ್ಮೂರು ಅಂಗೈ. ಹೆಚ್ಚೆಂದರೆ ಹದಿನೈದು ದಿನ ಎಂದು ಡಾಕ್ಟರು ವರಾಂಡದಲ್ಲಿ ಹೇಳಿದರು. ಸ್ವಂತದವರಿಗೆ ಡ್ರೆಸ್ಸಿಂಗ್ ಮಾಡಬಾರದು ಎಂಬ ನಿಯಮ ಇದೆ, ಮಾಡುವವನ ಕೈ ನಡುಗುತ್ತದೆ ಎಂದು. ಹೆಡ್ ಸಿಸ್ಟರ್ ಬೇರೆಯವನನ್ನು ಕಳಿಸಿದರು. ಅವನು "ಏನೂ ಆಗಲ್ಲಮ್ಮ" ಎಂದು ಬಾಯಿ ತೆರೆದದ್ದೇ, ಅಕ್ಕ ಮಲಗಿದಲ್ಲಿಂದಲೇ ಹೇಳಿದಳು, "ಸುಳ್ಳು ಹೇಳೋ ಕೈ ನನ್ನ ಮುಟ್ಟೋದು ಬೇಡ. ನನ್ನ ತಮ್ಮನ್ನ ಕರೀರಿ. ಇಲ್ಲಾಂದ್ರೆ ಕಚ್ತೀನಿ, ಹಲ್ಲು ಸುಟ್ಟಿಲ್ಲ." ನಿಯಮ ಅಂದೇ ರಜೆ ಹಾಕಿ ಮನೆಗೆ ಹೋಯಿತು.

ಮೊದಲನೇ ವಾರದ ಕೊನೆಗೆ ಅಯ್ಯನವರು ರೊಟ್ಟಿಯ ಸಣ್ಣ ಪೆಟ್ಟಿಗೆ ಹಿಡಿದು ವಾರ್ಡಿಗೆ ಬಂದರು. ಮುಲಾಮಿನ ಡಬ್ಬಿ ಹಿಡಿದು ನಾನೂ ಅಲ್ಲಿದ್ದೆ.

"ದೇವರು ತನ್ನವರನ್ನೇ ಪರೀಕ್ಷೆ ಮಾಡೋದಮ್ಮ" ಎಂದರು ಅಯ್ಯನವರು, ತಗ್ಗಿದ ದನಿಯಲ್ಲಿ.

"ಹಾಗಾದ್ರೆ ಲಾಂಡ್ರಿ ಮಾಲೀಕ ಯಾರವನು? ಅವನಿಗೆ ಪರೀಕ್ಷೆಗೆ ಹಾಲ್ ಟಿಕೆಟ್ಟೇ ಬಂದಿಲ್ಲ."

"ಅದೆಲ್ಲ ನಮಗೆ ತಿಳಿಯೋದಲ್ಲ..."

"ಅಯ್ಯನವರೇ, ವೇದಿಯ ಬಟ್ಟೆ ನಲವತ್ತೆಂಟು ವರ್ಷ ಒಗೆದೋಳು ನಾನು. ಒಂದು ಕಲೆ ಉಳಿದಿದ್ರೆ ಯಾಕೆ ಅಂತ ನೀವು ಕೇಳ್ತಿದ್ರಿ. ನಾನು ಕಾರಣ ಹೇಳ್ತಿದ್ದೆ. ಈಗ ನಾನು ಕೇಳ್ತಾ ಇದ್ದೀನಿ. ಯಾಕೆ ಅಂತ ಯಾರಾದ್ರೂ ಒಬ್ರು ಸರಿಯಾಗಿ ಹೇಳಿ. ಅಲ್ಲಿವರೆಗೆ ಆ ಪೆಟ್ಟಿಗೆ ಮುಚ್ಚಿರಲಿ."

ಅಯ್ಯನವರು ಪೆಟ್ಟಿಗೆಯನ್ನು ಅಂಗಿಯ ಒಳಗೆ ಇಟ್ಟುಕೊಂಡು ಹೋದರು. ಎಣಿಕೆಯಣ್ಣ ಅವರ ಬೆನ್ನು ನೋಡುತ್ತ ನಿಂತ. ಸಾವಿಗೆ ಹೆದರುವವನಲ್ಲ ಅವನು. ಸಾವು ಆ ವಾರ್ಡಿಗೆ ದಿನಗೂಲಿಯವನ ಹಾಗೆ ಬಂದು ಹೋಗುತ್ತದೆ. ಅಕ್ಕ ದೇವರ ಜೊತೆ ಮಾತು ಬಿಟ್ಟು ಸಾಯುತ್ತಾಳಲ್ಲ ಎಂಬುದೊಂದೇ ಅವನ ಭಯ. ಅವನನ್ನು ಪ್ರಾರ್ಥನೆ ಕಲಿಸಿ ಬೆಳೆಸಿದವಳು ಅವಳೇ.

"ಉತ್ತರ ಎಲ್ಲಿ ಸಿಗುತ್ತೆ?" ಎಂದು ನನ್ನನ್ನು ಕೇಳಿದ, ಯಾವುದೋ ಮಾತ್ರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳುವ ಹಾಗೆ.

ನಾನೂ ಅಂಗಡಿಯವನ ಹಾಗೇ ಹೇಳಿದೆ, "ಸೆಮಿನರಿಯಲ್ಲಿ ಕೇಳಿ ನೋಡು. ಸ್ಟಾಕು ಅಲ್ಲೇ ಇರೋದು."

ತಮಾಷೆಗೆ ಹೇಳಿದ್ದೆ. ಅವನು ಆ ಗುರುವಾರವೇ ಹೋಗಿ ಹೆಸರು ಬರೆಸಿದ.

ಪಾದ್ರಿಗಳಾಗುವವರನ್ನು ತಯಾರು ಮಾಡುವ ಆ ಕಾಲೇಜಿನಲ್ಲಿ ಚರ್ಚಿನ ಸಾಮಾನ್ಯ ಸದಸ್ಯರಿಗೆಂದು ಒಂದು ಸಂಜೆಯ ತರಗತಿ ಇದೆ. ಎರಡು ವರ್ಷದ ಪಾಠ. ಮೊದಲನೇ ವರ್ಷದ ವಿಷಯ, ಧರ್ಮದ ತತ್ವಶಾಸ್ತ್ರ, ಕ್ರೈಸ್ತ ದೃಷ್ಟಿಯಿಂದ. ಇವನನ್ನು ಬಿಟ್ಟರೆ ಒಂಬತ್ತು ಜನ ವಿದ್ಯಾರ್ಥಿಗಳು, ಎಲ್ಲರೂ ನಿವೃತ್ತರು. ಆರು ಜನ ಮನೆಯಲ್ಲಿ ಕಾಟ ತಡೆಯದೆ ಬಂದವರು, ಮೂವರು ಮನೆಯವರೇ ಕಾಟ ತಡೆಯದೆ ಕಳಿಸಿದವರು. ಪಾಠ ಹೇಳುವ ಮೇಷ್ಟ್ರು ಎಷ್ಟು ತೆಳ್ಳಗೆಂದರೆ ಬೋರ್ಡಿನ ಕಡೆ ಪಕ್ಕವಾಗಿ ತಿರುಗಿದರೆ ಸೀಮೆಸುಣ್ಣ ಮಾತ್ರ ಕಾಣುತ್ತಿತ್ತು. ನೋವಿನ ಬಗ್ಗೆಯೇ ಅವರು ಒಂದು ಪುಸ್ತಕ ಬರೆದಿದ್ದರು. ಅದನ್ನು ಕಾಲ ಮೇಲೆ ಬೀಳಿಸಿಕೊಂಡರೆ ವಿಷಯ ಓದದೆಯೇ ಅರ್ಥವಾಗುವಷ್ಟು ದಪ್ಪ.

ಅವರು ಮೊದಲ ದಿನ ದೇವರು ಇದ್ದಾನೆ ಎಂಬುದಕ್ಕೆ ಇರುವ ವಾದಗಳ ಪಟ್ಟಿ ಬರೆಯುತ್ತಿದ್ದಾಗ ಎಣಿಕೆಯಣ್ಣ ಎದ್ದು ನಿಂತ.

"ಸಾರ್, ದೇವರು ಇದ್ದಾನೋ ಇಲ್ವೋ ಅದು ಆಮೇಲೆ ನೋಡೋಣ. ನೋವಿನ ಪಾಠ ಯಾವಾಗ?"

"ಮೂರನೇ ತಿಂಗಳು."

"ಅದನ್ನ ಮೊದಲು ಮಾಡೋಕಾಗುತ್ತಾ ಸಾರ್? ನನ್ನ ರೋಗಿಗೆ ಅಷ್ಟು ಟೈಮಿಲ್ಲ."

ಇಪ್ಪತ್ತೆರಡು ವರ್ಷದಿಂದ ಪಾಠದ ಕ್ರಮ ಒಂದು ಸಾಲೂ ಕದಲಿಸದ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಏನು, ಯಾರು ಎಂದು ಕೇಳಿದರು. ಅವನು ಹೇಳಿದ. ಮೇಷ್ಟ್ರು ಬೋರ್ಡು ಒರೆಸಿದರು.

ಹಾಗೆ ಶುರುವಾಯಿತು. ಗುರುವಾರ ಸಂಜೆ ಪಾಠ, ಶುಕ್ರವಾರ ಬೆಳಗ್ಗೆ ಡ್ರೆಸ್ಸಿಂಗ್. ಒಂದು ಇಪ್ಪತ್ತಕ್ಕೂ ಇನ್ನೊಂದು ಇಪ್ಪತ್ತಕ್ಕೂ ನಡುವಿನ ಬಿಡುವಿನಲ್ಲಿ ಅವನು ಹಿಂದಿನ ಸಂಜೆ ಕಲಿತದ್ದನ್ನು ಅಕ್ಕನಿಗೆ ಒಪ್ಪಿಸುತ್ತಿದ್ದ.

"ಏನು ತಂದಿದ್ದೀಯೋ ಪಂಡಿತ, ಈ ವಾರ?"

"ಸ್ವತಂತ್ರ ಇಚ್ಛೆ ಅಂತ, ಅಕ್ಕ. ದೇವರು ಮನುಷ್ಯರನ್ನ ಗೊಂಬೆ ಮಾಡಲಿಲ್ಲ. ಒಳ್ಳೇದು ಕೆಟ್ಟದ್ದು ಆರಿಸ್ಕೊಳ್ಳೋ ಸ್ವಾತಂತ್ರ್ಯ ಕೊಟ್ಟ. ಅದು ನಿಜವಾದ ಸ್ವಾತಂತ್ರ್ಯ ಆಗಬೇಕು ಅಂದ್ರೆ ಕೆಟ್ಟದ್ದು ಆರಿಸ್ಕೊಂಡಾಗ್ಲೂ ಕೈ ಹಿಡಿಯೋ ಹಾಗಿಲ್ಲ."

"ಅಂದ್ರೆ ಮಾಲೀಕನಿಗೆ ಇಟ್ಟಿಗೇಲೇ ಕಾಲ ತಳ್ಳೋ ಸ್ವಾತಂತ್ರ್ಯ."

"ಹೂಂ."

"ಸ್ವಾತಂತ್ರ್ಯ ಅವನದು, ಚರ್ಮ ನನ್ನದು. ಚೆನ್ನಾಗಿದೆ ಹಂಚಿಕೆ. ಎಣಿಸು ಮುಂದೆ."

ಎರಡನೇ ವಾರ ಅವನು ತಂದದ್ದು, ನೋವಿನಿಂದ ಆತ್ಮ ಬೆಳೆಯುತ್ತದೆ, ಕಷ್ಟವೇ ಇಲ್ಲದ ಲೋಕದಲ್ಲಿ ತಾಳ್ಮೆ ಧೈರ್ಯ ಕರುಣೆ ಹುಟ್ಟುವುದೇ ಇಲ್ಲ ಎಂಬ ವಾದ.

"ಅರವತ್ಮೂರು ವರ್ಷ ಬೆಳೆದೆ. ಇನ್ನೂ ಬೆಳೆದ್ರೆ ಹೆಣದ ಪೆಟ್ಟಿಗೆ ಮಾಡೋ ಬಡಗಿ ಬೈತಾನೆ" ಎಂದಳು ಅಕ್ಕ.

ಪಕ್ಕದ ಮಂಚದಲ್ಲಿ ಒಲೆಯ ಬೆಂಕಿಗೆ ಎರಡೂ ತೋಳು ಕೊಟ್ಟ ಬೇಕರಿಯವಳೊಬ್ಬಳು ಇದ್ದಳು. ಅವಳು ನಕ್ಕು, "ನಗಿಸ್ಬೇಡಿ ಅಕ್ಕ, ಎಳೆಯುತ್ತೆ" ಎಂದಳು. ಆಮೇಲೆ ಕೇಳಿದಳು, "ಅಣ್ಣ, ಕಿಟಕಿ ಹತ್ರ ಇದ್ದ ಎರಡು ವರ್ಷದ ಮಗು ಸೋಮವಾರ ಹೋಯ್ತಲ್ಲ. ಅದರ ಆತ್ಮ ಎಷ್ಟು ಬೆಳೀತು?"

ಆ ಮಗುವಿನ ಪಟ್ಟಿ ಕಟ್ಟಿದವನೂ ಇವನೇ. ಅವನು ಉಪ್ಪುನೀರಿನ ಬಟ್ಟಲಿಗೆ ಕೈ ಹಾಕಿ ಸುಮ್ಮನೆ ಕದಡಿದ.

ಮೂರನೇ ವಾರ ಚಿತ್ರದ ವಾದ ಬಂತು. ಹತ್ತಿರದಿಂದ ನೋಡಿದರೆ ಕಪ್ಪು ಮಚ್ಚೆ, ದೂರ ನಿಂತು ಇಡೀ ಚಿತ್ರ ನೋಡಿದರೆ ಆ ಕಪ್ಪೂ ಬೇಕಿತ್ತು ಎಂದು ತಿಳಿಯುತ್ತದೆ.

"ಆ ಕಪ್ಪು ನಾನು" ಎಂದಳು ಅಕ್ಕ. "ದೂರ ನಿಂತು ನೋಡೋರು ಯಾರು?"

"ದೇವರು."

"ಅವನಿಗೆ ಹೇಳು, ಗೋಡೆಗೆ ಬೇರೆ ಏನಾದ್ರೂ ತೂಗುಹಾಕ್ಕೊಳ್ಳಲಿ. ಕ್ಯಾಲೆಂಡರ್ ಸಿಗುತ್ತೆ."

ಈ ಮಾತುಗಳನ್ನೆಲ್ಲ ಎಣಿಕೆಯಣ್ಣ ಮುಂದಿನ ಗುರುವಾರ ಮೇಷ್ಟ್ರಿಗೆ ಒಂದೂ ಬಿಡದೆ ಹೇಳುತ್ತಿದ್ದ. ಮೇಷ್ಟ್ರು ಮೊದಮೊದಲು ನಕ್ಕರು. ಆಮೇಲೆ ಒಂದು ನೋಟ್ ಪುಸ್ತಕ ತಂದು ಬರೆದುಕೊಳ್ಳತೊಡಗಿದರು.

"ನಿಮ್ಮ ಅಕ್ಕ ಏನು ಓದಿದ್ದಾರೆ?"

"ಬಟ್ಟೆ ಮೇಲಿನ ನಂಬರು, ಸಾರ್."

ಹದಿನೈದು ದಿನ ಎಂದಿದ್ದ ಡಾಕ್ಟರು ಮೂವತ್ತಾದಾಗ ಕನ್ನಡಕ ಬದಲಾಯಿಸಿದರು. ನಲವತ್ತಾದಾಗ ತೊಡೆಯ ಒಳ್ಳೆಯ ಚರ್ಮ ತೆಗೆದು ಎದೆಯ ಮೇಲೆ ಕಸಿ ಮಾಡಿದರು. ಕಸಿ ಹಿಡಿಯಿತು. ಅವಳು ಶುಕ್ರವಾರಕ್ಕಾಗಿ ಬದುಕಿದ್ದಾಳೆ ಎಂದು ವಾರ್ಡಿನಲ್ಲಿ ಎಲ್ಲರಿಗೂ ತಿಳಿದಿತ್ತು. ಗುರುವಾರ ಜ್ವರ ಏರಿದರೆ ಸಿಸ್ಟರುಗಳು, "ನಾಳೆ ತಮ್ಮ ಹೊಸದು ತರ್ತಾನೆ, ತಡ್ಕೊಳ್ಳಿ" ಎನ್ನುತ್ತಿದ್ದರು. ಅವಳು ತಡೆದುಕೊಳ್ಳುತ್ತಿದ್ದಳು. ಉತ್ತರ ಸಿಗಲಿ ಎಂದೋ, ಬಂದದ್ದನ್ನು ಹೊಡೆದು ಕೆಡವುವ ಸುಖಕ್ಕೋ, ನನಗೆ ಗೊತ್ತಿಲ್ಲ.

ಪಾಠ ಶುರುವಾದ ಆರನೇ ವಾರ ಅವನು ವಾರ್ಡಿಗೆ ಬಂದದ್ದೇ ಬೇರೆ ಮುಖ ಹೊತ್ತು. ಈ ಸಲದ ವಾದ ನಿಲ್ಲುತ್ತದೆ ಎಂದು ಅವನಿಗೆ ಅನ್ನಿಸಿತ್ತು. ಗುರುವಾರ ನಿದ್ದೆಯನ್ನೂ ಮಾಡಿರಲಿಲ್ಲ. ಬಿಡುವಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ, ಚಿಮಟ ಹಿಡಿದೇ ಶುರುಮಾಡಿದ.

"ಅಕ್ಕ, ಮಗುಗೆ ಸೂಜಿ ಹಾಕಿಸ್ತಾರೆ. ಒಂಬತ್ತು. ಹತ್ತು. ಮಗುಗೆ ಯಾಕೆ ಅಂತ ಗೊತ್ತಾಗುತ್ತಾ? ಹನ್ನೊಂದು. ತಾಯಿಗೆ ಗೊತ್ತು. ಕಾರಣ ಇದೆ, ಆದ್ರೆ ಆ ಕಾರಣ ಮಗುವಿನ ತಲೆಗೆ ಹಿಡಿಯೋ ಅಳತೇದಲ್ಲ. ಹಾಗೇನೇ ದೇವರ ಕಾರಣ ನಮ್ಮ ತಲೆ ಅಳತೆಗೆ ಬರಲ್ಲ ಅಂದ್ರೆ, ಕಾರಣವೇ ಇಲ್ಲ ಅಂತ ಹೇಳೋಕೆ ನಾವ್ಯಾರು? ಕಾಣದೇ ಇರೋದು ಬೇರೆ, ಇಲ್ಲದೇ ಇರೋದು ಬೇರೆ ಅಲ್ವಾ? ಯೋಚನೆ ಮಾಡು ಅಕ್ಕ, ಒಂದು ಸಲ ಯೋಚನೆ ಮಾಡು..."

"ಅಣ್ಣ, ಎಣಿಕೆ" ಎಂದಳು ಬೇಕರಿಯವಳು.

ಅವನಿಗೆ ಕೇಳಿಸಲಿಲ್ಲ. ಎರಡನೇ ಸಲ ಅವಳು ಹೇಳಿದಾಗ ಕೆಳಗೆ ನೋಡಿದ. ಪಟ್ಟಿ ಪೂರ್ತಿ ಬಂದಿತ್ತು. ಪಟ್ಟಿಯ ಜೊತೆಗೆ, ಹದಿಮೂರು ದಿನದಿಂದ ಹಿಡಿದು ನಿಂತಿದ್ದ ಕಸಿಯ ಚರ್ಮವೂ ಅಂಗೈ ಅಗಲ ಎದ್ದು ಬಂದಿತ್ತು. ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಅವನ ಕೈಯಲ್ಲಿ ಅಂಥದ್ದು ಆಗಿರಲಿಲ್ಲ.

ಅಕ್ಕ ಕೂಗಿರಲಿಲ್ಲ. ತುಟಿ ಕಚ್ಚಿ ರಕ್ತ ಬಂದಿತ್ತು.

"ಎಷ್ಟಾಯ್ತು?" ಎಂದು ಕೇಳಿದಳು.

"ಗೊತ್ತಿಲ್ಲ ಅಕ್ಕ."

"ಮೇಲಿರೋನು ಎಣಿಸ್ತಾ ಇದ್ದಾನೋ ಇಲ್ವೋ ಗೊತ್ತಿಲ್ಲ. ನೀನಾದ್ರೂ ಎಣಿಸೋ."

ಅವನು ಎರಡು ಗುರುವಾರ ಸೆಮಿನರಿಗೆ ಹೋಗಲಿಲ್ಲ. ಡ್ರೆಸ್ಸಿಂಗಿಗೆ ಬರುವನು, ಅಂಕಿ ಬಿಟ್ಟು ಬೇರೆ ಒಂದು ಶಬ್ದ ಆಡದೆ ಹೋಗುವನು. ಎದೆಯ ಆ ಜಾಗದಲ್ಲಿ ಹಸಿರು ಬಣ್ಣ ಕಂಡಿತ್ತು. ಅಂದರೆ ನಂಜು. ನೋಡಿದ ಮೇಲೆ ಯಾರೂ ಅದರ ಮಾತು ಎತ್ತಲಿಲ್ಲ. ಅವನ ಕಡೆಗೂ ಯಾರೂ ನೋಡಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಕೊನೆಗೆ ಅಕ್ಕನೇ ಕೆಣಕಿದಳು. "ಏನು, ಪಂಡಿತರು ಅಂಗಡಿ ಮುಚ್ಚಿದ್ರಾ?"

"ಬೇಡ ಅಕ್ಕ. ಅದರಿಂದಲೇ ಇಷ್ಟೆಲ್ಲ ಆಗಿದ್ದು."

"ಆಗಿದ್ದು ಆಯ್ತು. ನೀನು ಓದೋದು ಬಿಟ್ರೆ ನನ್ನ ಚರ್ಮ ವಾಪಸ್ ಬರುತ್ತಾ? ಹೋಗು. ಆದ್ರೆ ಚಿಮಟ ಕೆಳಗಿಟ್ಟ ಮೇಲೆ ಮಾತಾಡು. ಆ ಸೂಜಿ ಕಥೆಗೆ ಉತ್ತರ ಬೇರೆ ಹೇಳ್ಬೇಕಿತ್ತು ನಾನು, ನೀನು ಓಡಿಹೋದೆ."

"ಏನು ಉತ್ತರ?"

"ಸೂಜಿ ಹಾಕೋವಾಗ ತಾಯಿ ಎತ್ಕೊಂಡಿರ್ತಾಳೆ. ಕಾರಣ ಗೊತ್ತಾಗದೇ ಇದ್ರೂ ಮಗುಗೆ ತೋಳು ಗೊತ್ತಾಗುತ್ತೆ. ನನಗೆ ಈ ಎರಡು ತಿಂಗಳಲ್ಲಿ ತೋಳು ಗೊತ್ತಾಗಿಲ್ಲ. ನಿನ್ನ ಮೇಷ್ಟ್ರಿಗೆ ಹೇಳು."

ಅವನು ಹೇಳಿದ. ಮೇಷ್ಟ್ರು ಅದನ್ನು ಬರೆದುಕೊಳ್ಳಲಿಲ್ಲ. ಮಾರನೆಯ ಬೆಳಗ್ಗೆ ತಾವೇ ವಾರ್ಡಿಗೆ ಬಂದರು.

ಬಾಗಿಲಲ್ಲಿ ವಾಸನೆ ತಾಗಿ ಅವರು ಗೋಡೆ ಹಿಡಿದು ನಿಂತದ್ದನ್ನು ನಾನು ಕಂಡೆ. ಒಳಗೆ ಮಂಚದ ಮೇಲೆ ಹೊದಿಕೆ ಮೈಗೆ ತಾಗದ ಹಾಗೆ ತಂತಿಯ ಕಮಾನು ಇಟ್ಟಿತ್ತು. ಅದರ ತುದಿಯಲ್ಲಿ ಅಕ್ಕನ ಮುಖ ಮಾತ್ರ ಕಾಣುತ್ತಿತ್ತು.

"ನೀವೇನಾ ನನ್ನ ತಮ್ಮನ ತಲೆ ಕೆಡಿಸಿದೋರು?"

"ಹೌದಮ್ಮ."

"ಇಷ್ಟು ತೆಳ್ಳಗಿದ್ದೀರಿ. ಪುಸ್ತಕ ದಪ್ಪ ಇದೆ ಅಂದ. ಊಟ ಎಲ್ಲ ಅದೇ ಮಾಡುತ್ತಾ?"

ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ.

"ಸರಿ, ಹೇಳಿ. ಯಾಕೆ?"

"ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದ್ದೀನಮ್ಮ. ಒಂದೊಂದು ಉತ್ತರ ಎಲ್ಲಿ ಮುರಿಯುತ್ತೆ ಅಂತ ನನಗೆ ಗೊತ್ತು. ಮುರೀದೇ ಇರೋದು ನನ್ನ ಹತ್ರ ಇಲ್ಲ."

"ಹಾಗಾದ್ರೆ ಕಾಲೇಜಿಗೆ ಬೀಗ ಹಾಕಿ."

"ಹಾಕಿದ್ರೆ ನಿಮ್ಮ ತಮ್ಮ ಎಲ್ಲಿಗೆ ಬರ್ತಾರೆ?"

ಅಕ್ಕ ಗಲ್ಲದಿಂದ ಪಕ್ಕದ ಸ್ಟೂಲು ತೋರಿಸಿದಳು. "ಕೂತ್ಕೊಳ್ಳಿ" ಎಂದಳು. ಅವರು ಅಂದು ಮಧ್ಯಾಹ್ನದವರೆಗೆ ಕೂತಿದ್ದರು. ಡ್ರೆಸ್ಸಿಂಗಿನ ಹೊತ್ತಿಗೆ ಬಟ್ಟಲು ಹಿಡಿದರು. ಹೊರಗೆ ಬಂದು, ನನ್ನ ಕಿಟಕಿಯ ಪಕ್ಕದ ಮೋರಿಗೆ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಬಸ್ಸು ಹತ್ತಿ ಹೋದರು.

ಎಂಬತ್ತನೇ ದಿನ ನಂಜು ರಕ್ತಕ್ಕೆ ಇಳಿದಿತ್ತು. ಹೆಡ್ ಸಿಸ್ಟರ್ ಫೋನು ಮಾಡಿ ಅಯ್ಯನವರನ್ನು ಕರೆಸಿದರು. ಮಧ್ಯಾಹ್ನ ಎರಡು ಗಂಟೆ, ಡ್ರೆಸ್ಸಿಂಗಿಗೆಂದು ನಿಲ್ಲಿಸಿದ್ದ ಫ್ಯಾನುಗಳನ್ನು ಯಾರೂ ಮತ್ತೆ ಹಾಕಿರಲಿಲ್ಲ. ಅಯ್ಯನವರು ಎಣಿಕೆಯಣ್ಣನನ್ನು ವರಾಂಡಕ್ಕೆ ಕರೆದು ಭುಜ ಹಿಡಿದರು.

"ನಿನ್ನ ಮಾತು ಅವಳು ನಂಬ್ತಾಳೆ. ಉತ್ತರ ಸಿಕ್ತು ಅಂತ ಒಂದು ಮಾತು ಹೇಳಿಬಿಡಪ್ಪ. ರೊಟ್ಟಿ ತಗೊಂಡು ಸಮಾಧಾನವಾಗಿ ಹೋಗಲಿ. ಇಂಥ ಸುಳ್ಳಿಗೆ ಕ್ಷಮೆ ಇದೆ, ನಾನು ಹೇಳ್ತೀನಿ."

"ನಾನು ಸುಳ್ಳು ಹೇಳಲ್ಲ ಅಂತಲೇ ಅಲ್ವಾ ಅಯ್ಯನವರೇ, ಅವಳು ನನ್ನ ಮುಟ್ಟೋಕೆ ಬಿಟ್ಟಿದ್ದು?"

"ಅದು ಪಟ್ಟಿ ಬಿಚ್ಚೋ ವಿಷಯ. ಇದು ಅವಳ ಆತ್ಮದ ವಿಷಯ."

ಎಣಿಕೆಯಣ್ಣ ಒಳಗೆ ಹೋದ. ಹೆಡ್ ಸಿಸ್ಟರ್ ಅವನ ಮುಖ ನೋಡಿ ಹೇಳು, ಹೇಳು ಎಂಬಂತೆ ತಲೆ ಆಡಿಸಿದರು. ಬೇಕರಿಯವಳು ಗೋಡೆಯ ಕಡೆ ಹೊರಳಿಕೊಂಡಳು. ನಾನು ಕೈಯಲ್ಲಿದ್ದ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದುತ್ತ ನಿಂತೆ. ಏನು ಓದಿದೆ ಎಂದು ಕೇಳಬೇಡಿ. ಅವನು ಸುಳ್ಳು ಹೇಳಲಿ ಎಂದು ನನಗೂ ಇತ್ತು.

ಅಕ್ಕ ಕಣ್ಣು ತೆರೆದಳು. "ಸಿಕ್ತೇನೋ?"

ಅವನು ಮಂಚದ ಕಂಬಿ ಹಿಡಿದುಕೊಂಡ. ಕಂಬಿ ಬಾಗಿತು ಎಂದರೆ ನೀವು ನಂಬುವುದಿಲ್ಲ. ನಾನು ಜೀವಮಾನದಲ್ಲಿ ಹೇಳಿದ ಸುಳ್ಳುಗಳಲ್ಲಿ ಇದು ಸೇರಿಲ್ಲ.

"ಇಲ್ಲ ಅಕ್ಕ."

"ಮೇಷ್ಟ್ರಿಗೆ?"

"ಅವರಿಗೂ ಇಲ್ಲ."

"ಅಯ್ಯನವರಿಗೆ?"

ಬಾಗಿಲಲ್ಲಿ ನಿಂತಿದ್ದ ಅಯ್ಯನವರು ಬಾಯಿ ತೆರೆದರು. ಏನು ಹೇಳಬೇಕೆಂದಿದ್ದರೋ, ಅದನ್ನು ಬಿಟ್ಟು ಇಲ್ಲ ಎಂದು ತಲೆ ಅಲ್ಲಾಡಿಸಿದರು.

"ಹಾಗಾದ್ರೆ ರೊಟ್ಟಿ ಇರಲಿ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟು ಇರಲಿಲ್ಲ. ಹಸಿವು ಇತ್ತು, ಅದು ನನಗೆ ಚೆನ್ನಾಗಿ ಕೇಳಿಸಿತು. "ನೀನು ಕೇಳೋದು ನಿಲ್ಲಿಸ್ಬೇಡ ಕಣೋ. ಕೇಳ್ತಾ ಇರು."

ಮಾರನೆಯ ದಿನ ಹನ್ನೊಂದು ಗಂಟೆಗೆ ತೀರಿಕೊಂಡಳು. ಅಯ್ಯನವರು ಮರ್ಯಾದೆಯಿಂದ ಮಣ್ಣು ಮಾಡಿದರು, ರೊಟ್ಟಿ ತೆಗೆದುಕೊಳ್ಳದ ವಿಷಯ ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿದ್ದು ಎಣಿಕೆಯಣ್ಣನ ಹೆಂಡತಿ. ಅತ್ತಿಗೆ ಎಂದರೆ ಅವಳಿಗೆ ತಾಯಿಗಿಂತ ಹೆಚ್ಚು.

"ಒಂದು ಸುಳ್ಳು ಹೇಳಿದ್ರೆ ನಿಮ್ಮ ಬಾಯಿ ಸವೀತಿತ್ತಾ?" ಎಂದು ಕೇಳಿದಳು, ಸ್ಮಶಾನದಿಂದ ಬಂದು ಚಪ್ಪಲಿ ಬಿಡುವಾಗ.

ಅವನು ಅವಳ ಚಪ್ಪಲಿಯನ್ನೂ ಎತ್ತಿ ಬಾಗಿಲ ಪಕ್ಕ ಜೋಡಿಸಿಟ್ಟ. ಕೈಯಿಂದ ಅಕ್ಕನ ಕಸಿ ಕಿತ್ತೆ, ಬಾಯಿಂದ ರೊಟ್ಟಿ ಕಿತ್ತೆ ಎಂದು ಒಂದು ದಿನ ಚಹಾ ಕುಡಿಯುವಾಗ ನನಗೆ ಹೇಳಿದ. ಹಾಗಲ್ಲ ಎಂದು ನಾನು ಹೇಳಬೇಕಿತ್ತು. ಊರಿಗೆಲ್ಲ ಉಪ್ಪುಖಾರ ಹಚ್ಚಿ ಮಾತಾಡುವ ನನ್ನ ಬಾಯಿ, ಆ ಹೊತ್ತಿಗೆ ಚಹಾ ಕುಡಿಯುವುದಕ್ಕೆ ಮಾತ್ರ ತೆರೆಯಿತು.

ವರ್ಷದ ಕೊನೆಗೆ ಪರೀಕ್ಷೆ. ಅವನು ಕೂತ. ನೋವಿನ ಪ್ರಶ್ನೆಗೆ ಹನ್ನೆರಡು ಪುಟ ಬರೆದ. ಒಂದೊಂದು ವಾದವನ್ನು ಮೇಷ್ಟ್ರು ಹೇಳಿದ್ದಕ್ಕಿಂತ ಅಚ್ಚುಕಟ್ಟಾಗಿ ಬರೆದು, ಕೆಳಗೆ ಅಕ್ಕ ಹೇಳಿದ್ದನ್ನು ಬರೆದ. ಮಗುವಿನ ವಿಷಯ ಬೇಕರಿಯವಳದು ಎಂದು ಅವಳ ಲೆಕ್ಕಕ್ಕೇ ಬರೆದ. ಮೂವತ್ತೆಂಟು ಅಂಕ ಬಂತು. ಪಾಸಾಗಲು ನಲವತ್ತು ಬೇಕು.

ಮೇಷ್ಟ್ರು ಅವನನ್ನು ಕೋಣೆಗೆ ಕರೆದರು. "ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ಆದ್ರೆ ಕೊನೇಲಿ ನಿಮ್ಮ ತೀರ್ಮಾನ ಇಲ್ಲ. ತೀರ್ಮಾನ ಇಲ್ಲದ ಉತ್ತರಕ್ಕೆ ಪಾಸು ಕೊಡಬಾರದು ಅಂತ ನಿಯಮ. ಎರಡೇ ಅಂಕ. ಒಂದು ವಾಕ್ಯ ಬರೀರಿ, ಈಗಲೇ, ಇಲ್ಲೇ. ಯಾವ ಕಡೆಗಾದ್ರೂ ಬರೀರಿ."

ಪೆನ್ನು ಕೊಟ್ಟು ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದಾಗ ಅವನು ಹಾಗೆಯೇ ಕೂತಿದ್ದ, ಪುಟವೂ ಹಾಗೆಯೇ ಇತ್ತು.

"ಫೇಲಾದ್ರೆ ಮತ್ತೆ ಇದೇ ಪಾಠಕ್ಕೆ ಕೂರಬಹುದಲ್ವಾ ಸಾರ್?"

"ಕೂರಬಹುದು. ಎಷ್ಟು ಸಲ ಅಂತ ನಿಯಮ ಇಲ್ಲ."

ಅಕ್ಕ ತೀರಿಕೊಂಡು ಆರು ವರ್ಷ. ಎಣಿಕೆಯಣ್ಣನಿಗೆ ಈಗ ಐವತ್ತೆಂಟು. ಆರು ಸಲ ಮೂವತ್ತೆಂಟು ಬಂದಿದೆ. ಮೇಷ್ಟ್ರು ಮೂವತ್ತೆಂಟರ ಅಚ್ಚು ಮಾಡಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ಅವನ ಜೊತೆಗೆ ಕೂತವರು ಎರಡನೇ ವರ್ಷ ಮುಗಿಸಿ, ಮೂವರು ಸ್ವರ್ಗಕ್ಕೂ ಹೋಗಿ, ಪ್ರಶ್ನೆಯನ್ನು ನೇರವಾಗಿ ಕೇಳುವ ಜಾಗ ಮುಟ್ಟಿದ್ದಾರೆ. ಇವನು ಮೊದಲನೇ ವರ್ಷದ ಮೊದಲನೇ ಬೆಂಚಿನಲ್ಲೇ ಇದ್ದಾನೆ. ಗುರುವಾರ ತಪ್ಪಿಸುವುದಿಲ್ಲ.

ಚರ್ಚನ್ನೂ ತಪ್ಪಿಸುವುದಿಲ್ಲ. ತಿಂಗಳ ಮೊದಲ ಭಾನುವಾರ ಜನ ಸಾಲಾಗಿ ಮುಂದೆ ಹೋಗಿ ಮಂಡಿಯೂರುತ್ತಾರೆ. ಅವನ ಹೆಂಡತಿ ಎದ್ದು ಅವನ ಮೊಣಕಾಲು ದಾಟಿ ಒಬ್ಬಳೇ ಹೋಗುತ್ತಾಳೆ. ಅವನು ಕಾಲು ಓರೆ ಮಾಡಿ ದಾರಿ ಬಿಡುತ್ತಾನೆ, ಕೂತೇ ಇರುತ್ತಾನೆ. ಅಯ್ಯನವರಿಗೆ ಈಗ ವಯಸ್ಸಾಗಿದೆ. ಕಳೆದ ತಿಂಗಳು ಎಲ್ಲರಿಗೂ ಹಂಚಿ ಮುಗಿಸಿ, ತಟ್ಟೆಯಲ್ಲಿ ಉಳಿದ ಒಂದು ಚೂರು ಹಿಡಿದು ಅವನ ಬೆಂಚಿನವರೆಗೆ ಇಳಿದು ಬಂದರು. ನಾನು ಹಿಂದಿನ ಬೆಂಚಿನಲ್ಲಿದ್ದೆ.

"ಈಗಲಾದ್ರೂ ತಗೋಪ್ಪ."

ಅವನು ತಟ್ಟೆ ನೋಡಿದ. ಕೈ ತೊಡೆಯ ಮೇಲೆ ಬಿಗಿಯಾಗಿತ್ತು.

"ಇನ್ನೂ ಪಾಸಾಗಿಲ್ಲ ಅಯ್ಯನವರೇ" ಎಂದ.